ಆರು ವರ್ಷ ಮೊಬೈಲ್ ಇಲ್ಲದೆ ಇದ್ದೆ, ಹೋದ ತಿಂಗಳು ಮತ್ತೆ ಕೊಂಡೆ

ನಿಧಾನ

ಆರು ವರ್ಷ ಎರಡು ತಿಂಗಳು ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಹೋದ ತಿಂಗಳು ಒಂದು ಕೊಂಡೆ. ತಂದ ದಿನ ಡಬ್ಬಿ ಬಿಚ್ಚೋಕೆ ಮನಸ್ಸೇ ಬರಲಿಲ್ಲ, ಸಂಜೆವರೆಗೂ ಅದು ಮೇಜಿನ ಮೇಲೇ ಇತ್ತು. ಮನೆಯವರಿಗೆ ಇದನ್ನ ಹೇಳಿದರೆ 'ಒಂದು ಫೋನಿಗೆ ಇಷ್ಟೊಂದಾ' ಅಂತಾರೆ. ಈ ಫೋರಂನಲ್ಲಿ ಅರ್ಥವಾಗುವವರು ಇರಬಹುದು ಅಂತ ಬರೀತಿದ್ದೀನಿ.

ಬಿಟ್ಟದ್ದು ಸಂಕಲ್ಪ ಮಾಡಿ ಅಲ್ಲ. ಹಳೇ ಫೋನ್ ನೀರಿಗೆ ಬಿತ್ತು, ರಿಪೇರಿಗೆ ನಾಲ್ಕು ದಿನ ಬೇಕು ಅಂದರು. ಮೂರನೇ ರಾತ್ರಿ ಒಂಬತ್ತೂವರೆಗೆ ಮಲಗಿದವನು ಬೆಳಿಗ್ಗೆವರೆಗೂ ಒಂದೇ ನಿದ್ದೆ. ಹಾಗೆ ಮಲಗಿ ಎಷ್ಟು ವರ್ಷವಾಗಿತ್ತೋ. ಐದನೇ ದಿನ ಫೋನ್ ತರೋಕೆ ಹೊರಟವನು ಅರ್ಧ ದಾರಿಯಿಂದ ವಾಪಸ್ ಬಂದೆ.

ಮೊದಲ ಎರಡು ವಾರ ಜೇಬು ಅದುರಿದ ಹಾಗಾಗೋದು, ಕೈ ಹಾಕಿದರೆ ಖಾಲಿ. ಆಮೇಲೆ ಅದು ನಿಂತಿತು. ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. ಇಮೇಲ್ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಂಪ್ಯೂಟರಿನಲ್ಲಿ ನೋಡ್ತಿದ್ದೆ. ಕೈಗೆ ವಾಚು, ತಲೆದೆಸೆಯಲ್ಲಿ ಅಲಾರಂ ಗಡಿಯಾರ, ಜೇಬಿನಲ್ಲಿ ನಂಬರ್ ಬರೆದ ಸಣ್ಣ ಪುಸ್ತಕ. ಹೊಸ ಜಾಗಕ್ಕೆ ಹೋಗೋದಿದ್ದರೆ ಹಿಂದಿನ ರಾತ್ರಿಯೇ ನಕ್ಷೆ ನೋಡಿ ತಿರುವುಗಳನ್ನ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಎರಡನೇ ಸಲಕ್ಕೆ ಚೀಟಿ ಬೇಕಾಗ್ತಿರಲಿಲ್ಲ. ಯಾರನ್ನಾದರೂ ಭೇಟಿ ಮಾಡೋದಿದ್ದರೆ 'ಐದು ಗಂಟೆಗೆ, ಮೆಟ್ಟಿಲ ಹತ್ತಿರ' ಅಂದರೆ ಮುಗೀತು. ಎಲ್ಲ ಕಡೆಗೂ ತಡವಾಗಿ ಬರುವ ಗೆಳೆಯನೂ ನನಗೆ ಮಾತ್ರ ಸಮಯಕ್ಕೆ ಬರುತ್ತಿದ್ದ. ತಡವಾಗುತ್ತೆ ಅಂತ ತಿಳಿಸೋಕೆ ದಾರಿಯಿಲ್ಲ, ಇವನು ಅಲ್ಲೇ ನಿಂತಿರ್ತಾನೆ ಅಂತ ಅವನಿಗೆ ಗೊತ್ತಿತ್ತು.

ನಾನು ಅತಿ ಹೆಚ್ಚು ಪ್ರೀತಿಸಿದ್ದು ಕಾಯುವುದನ್ನ. ಸರದಿಯಲ್ಲಿ ನಿಂತಾಗ, ಬಸ್ಸಿಗೆ ಕಾಯುವಾಗ ಮೊದಲು ಬೇಜಾರಾಗುತ್ತೆ, ಆಮೇಲೆ ಕಸಿವಿಸಿ. ಅದನ್ನ ದಾಟಿದರೆ ಮನಸ್ಸು ತಾನಾಗಿ ಎಲ್ಲಿಗೋ ಹೊರಡುತ್ತೆ. ತೀರಿಕೊಂಡ ಅಪ್ಪನ ಧ್ವನಿ ನನಗೆ ಮತ್ತೆ ನೆನಪಾಗಿದ್ದು ಅಂಥ ಒಂದು ಹೊತ್ತಿನಲ್ಲಿ. ಫೋನ್ ಕೈಯಲ್ಲಿದ್ದ ಕಾಲದಲ್ಲಿ ನಾನು ಆ ಕಸಿವಿಸಿಯ ಆಚೆಗೆ ಹೋಗಿರಲೇ ಇಲ್ಲ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂತು. ಬ್ಯಾಂಕಿನಲ್ಲಿ ಒಟಿಪಿ ಬೇಕು ಅಂದರು, ತಂಗಿಯ ನಂಬರ್ ಕೊಟ್ಟೆ. ಮೂರು ವರ್ಷ ಆದ ಮೇಲೆ ಖಾತೆದಾರರದ್ದೇ ನಂಬರ್ ಇರಬೇಕು ಅಂದರು. ಲ್ಯಾಂಡ್‌ಲೈನ್ ಪದೇ ಪದೇ ಸತ್ತುಹೋಗೋದು, ಕೊನೆಗೆ ಈ ಕಡೆ ತಾಮ್ರದ ಲೈನೇ ತೆಗೀತೀವಿ ಅಂತ ಪತ್ರ ಬಂತು.

ಆದರೆ ನಾನು ಸೋತದ್ದು ಬೇರೆ ಕಡೆ. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯ ಫಾರಂನಲ್ಲಿ ಜೊತೆಗಿರುವವರ ನಂಬರ್ ಕೇಳಿದಾಗ, ರೂಢಿಯಂತೆ ತಂಗಿಯ ನಂಬರ್ ಬರೆದೆ. ಎರಡನೇ ದಿನ ಡಾಕ್ಟರ್ ಬಂದು ಸಹಿ ಬೇಕು ಅಂದಾಗ ವಾರ್ಡಿನವರು ತಂಗಿಗೆ ಫೋನ್ ಮಾಡಿದ್ದಾರೆ. ಅವಳು ಕೆಲಸದಲ್ಲಿದ್ದವಳು ಗಾಬರಿಯಾಗಿ ನಮ್ಮ ಪಕ್ಕದ ಮನೆಗೆ ಮಾಡಿದ್ದಾಳೆ, ಅವರು ನಮ್ಮ ಬಾಗಿಲು ತಟ್ಟಿದ್ದಾರೆ. ನಾನಿದ್ದದ್ದು ಅದೇ ಮಹಡಿಯ ಕಾರಿಡಾರಿನ ಬೆಂಚಿನ ಮೇಲೆ, ವಾರ್ಡಿಗೆ ಮೂವತ್ತು ಹೆಜ್ಜೆ ದೂರದಲ್ಲಿ. ಡಾಕ್ಟರ್ ಕಾದು ಹೊರಟುಹೋದರು. ಆಪರೇಷನ್ ಮರುದಿನಕ್ಕೆ ಹೋಯಿತು. ಆ ಒಂದು ರಾತ್ರಿ ಅಮ್ಮ ನೋವಿನಲ್ಲಿ ಕಳೆದರು.

ತಂಗಿ ರಜೆ ಹಾಕಿ ಬಂದಳು. ಜಗಳ ಆಡಲಿಲ್ಲ. 'ಅಣ್ಣಾ, ನೀನು ಫೋನ್ ಬಿಟ್ಟಿಲ್ಲ. ನಿನ್ನ ಫೋನನ್ನ ಆರು ವರ್ಷದಿಂದ ನಾನು ಹೊತ್ತುಕೊಂಡು ತಿರುಗ್ತಿದ್ದೀನಿ' ಅಂದಳು.

ಮೂರನೇ ದಿನ ಹೋಗಿ ಬಟನ್ ಫೋನ್ ತಂದೆ. ತರಬೇಕಾಗಿತ್ತು, ತಂದೆ. ಆದರೂ ಏನೋ ಕಳಕೊಂಡ ಹಾಗಿದೆ. ಬಿಟ್ಟು ಮತ್ತೆ ಹಿಡಿದವರು ಇಲ್ಲಿದ್ದರೆ ಹೇಳಿ. ಹೇಗೆ ಇಟ್ಟುಕೊಂಡಿದ್ದೀರಿ?

ರಾತ್ರಿಪಾಳಿ

ನಾನು ಎರಡು ವರ್ಷ ಸ್ಮಾರ್ಟ್‌ಫೋನ್ ಬಿಟ್ಟಿದ್ದೆ, ವಾಪಸ್ ಹಿಡಿದು ಎಂಟು ತಿಂಗಳಾಯ್ತು. ಕಾರಣ ಕೆಲಸ. ಮೊದಲು ಯಾರಿಗೆ ಯಾವ ಪಾಳಿ ಅಂತ ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದರು. ಈಗ ಗ್ರೂಪಿನಲ್ಲಿ ಹಾಕ್ತಾರೆ, ಅದೂ ಹಿಂದಿನ ರಾತ್ರಿ ಹನ್ನೊಂದಕ್ಕೆ. ನಾನು ಒಂದು ಸಲ ಪಾಳಿ ತಪ್ಪಿಸಿದೆ, ಸಂಬಳ ಹಿಡಿದರು. ಬೋರ್ಡ್ ಇನ್ನೂ ಗೋಡೆಯ ಮೇಲಿದೆ, ಎರಡು ವರ್ಷದ ಹಿಂದಿನ ಹಾಳೆ ಅದರಲ್ಲಿ ಹಾಗೇ ಇದೆ.

ನಿಮ್ಮ ತಂಗಿ ಹೇಳಿದ್ದು ನಿಜ. ಆದರೆ ಪೂರ್ತಿ ತಪ್ಪನ್ನ ನಿಮ್ಮ ತಲೆಗೇ ಹಾಕ್ಕೋಬೇಡಿ ಸಾರ್. ಮೂವತ್ತು ಹೆಜ್ಜೆ ದೂರದಲ್ಲಿ ಕೂತವರನ್ನ ಒಬ್ಬರು ಬಂದು ಕೂಗಿದ್ದರೆ ಆಗ್ತಿತ್ತು. ಎದ್ದು ಹೋಗಿ ಕರೆಯೋ ಅಭ್ಯಾಸ ಹೋಗಿಬಿಟ್ಟಿದೆ. ನಂಬರ್ ಇದ್ದರೆ ಮನುಷ್ಯ ಇದ್ದಾನೆ, ಇಲ್ಲದಿದ್ದರೆ ಇಲ್ಲ.

ತಂತಿಮನೆ

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ತಾಮ್ರದ ಲೈನ್ ಹೋಯಿತು ಎಂದು ನೀವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋದಿರಿ. ಆ ವಿಷಯಕ್ಕೆ ನಾನು ಸ್ವಲ್ಪ ನಿಲ್ಲುತ್ತೇನೆ.

ಹಳೆಯ ಲ್ಯಾಂಡ್‌ಲೈನಿಗೆ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಿಂದ 48 ವೋಲ್ಟ್ ಅದೇ ಜೋಡಿ ತಂತಿಯಲ್ಲಿ ಮನೆಗೆ ಬರುತ್ತಿತ್ತು. ಬೀದಿಯೆಲ್ಲ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳಿಸುತ್ತಿತ್ತು. ಬ್ಯಾಟರಿ ಕೋಣೆಯ ಪಾಳಿ ನಮಗೆ ದೇವರ ಕೋಣೆಯ ಹಾಗಿತ್ತು, ಒಂದು ಸೆಲ್ಲಿನ ನೀರು ಇಳಿದಿದ್ದರೂ ಬೈಸಿಕೊಳ್ಳುತ್ತಿದ್ದೆವು. ಈಗ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ವಿದ್ಯುತ್ ಹೋಗುವುದಿಲ್ಲ. ಮನೆಯಲ್ಲಿನ ಪೆಟ್ಟಿಗೆಗೆ ಕರೆಂಟು ಇಲ್ಲದಿದ್ದರೆ ಫೋನೂ ಇಲ್ಲ. ಹಾಗಾಗಿ ಫೈಬರ್ ಲ್ಯಾಂಡ್‌ಲೈನ್ ಹಾಕಿಸಿದವರು ಆ ಪೆಟ್ಟಿಗೆಗೆ ಸಣ್ಣ ಬ್ಯಾಟರಿ ಬ್ಯಾಕಪ್ ಇಡುವುದು ಒಳ್ಳೆಯದು, ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ ಇಡಲೇಬೇಕು.

ಬಟನ್ ಫೋನಿನ ಬಗ್ಗೆ ಒಂದು ಎಚ್ಚರಿಕೆ. ನೀವು ತಂದದ್ದು 2ಜಿ ಮಾತ್ರ ಹಿಡಿಯುವುದಾದರೆ ಎಷ್ಟು ದಿನ ನಡೆಯುತ್ತದೆ ಎನ್ನುವುದು ಆಯಾ ಜಾಲದ ಮೇಲೆ ನಿಂತಿದೆ. ಅಮೆರಿಕದ ಫೋನ್ ಕಂಪನಿ ಎಟಿ ಅಂಡ್ ಟಿ 2017ರ ಆರಂಭಕ್ಕೆ 2ಜಿ ನಿಲ್ಲಿಸಿತು, 2022ರಲ್ಲಿ 3ಜಿಯನ್ನೂ ನಿಲ್ಲಿಸಿತು. ಆಗ ಚೆನ್ನಾಗಿದ್ದ ಫೋನುಗಳೂ ಅಲ್ಲಿ ಮೂಕವಾದವು. ಆದ್ದರಿಂದ 4ಜಿ ಇದೆಯೇ, ಅದರಲ್ಲೂ 4ಜಿ ಜಾಲದ ಮೇಲೆಯೇ ಮಾತಾಡುವ ವೋಲ್ಟಿ ಇದೆಯೇ ಎಂದು ನೋಡಿ. ಡಬ್ಬಿಯ ಮೇಲೆ 4ಜಿ ಎಂದಿದ್ದು ವೋಲ್ಟಿ ಇಲ್ಲದ ಫೋನುಗಳೂ ಇವೆ, ಅವು ಕರೆಗಾಗಿ ಹಳೆಯ ಜಾಲಕ್ಕೇ ಇಳಿಯುತ್ತವೆ.

ಇನ್ನೊಂದು ಮಾತು. ಮೋಟೊರೋಲಾದ ಎಂಜಿನಿಯರ್ ಮಾರ್ಟಿನ್ ಕೂಪರ್ ನ್ಯೂಯಾರ್ಕ್ ಬೀದಿಯಲ್ಲಿ ನಿಂತು ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆ ಮಾಡಿದ್ದು 1973ರ ಏಪ್ರಿಲ್ 3ರಂದು. ಹತ್ತು ವರ್ಷದ ನಂತರ ಬಂದ ಮೋಟೊರೋಲಾ ಡೈನಾಟ್ಯಾಕ್ ಹತ್ತು ಗಂಟೆ ಚಾರ್ಜ್ ಮಾಡಿದರೆ ಸುಮಾರು ಅರ್ಧ ಗಂಟೆ ಮಾತಾಡುತ್ತಿತ್ತು. ಅಷ್ಟು ಕಡಿಮೆ ಹೊತ್ತು ಸಿಕ್ಕಾಗ ಜನ ಏನು ಮಾತಾಡುತ್ತಿದ್ದರೋ, ಅದನ್ನು ಮಾತ್ರ ಮಾತಾಡಿ ಇಡುವುದು ನನ್ನ ಅಭ್ಯಾಸ.

ಎರಡನೇ ಬೀಗ

ಒಟಿಪಿ ಬಗ್ಗೆ ಹೇಳ್ತೀನಿ, ನನ್ನ ಕೆಲಸವೇ ಅದು. ಎರಡನೇ ಹಂತದ ಭದ್ರತೆಗೆ ಮೊಬೈಲ್ ನಂಬರ್ ಬೇಕೇ ಬೇಕು ಅನ್ನೋದು ತಾಂತ್ರಿಕವಾಗಿ ಸರಿಯಲ್ಲ. ಸಮಯದ ಆಧಾರದ ಮೇಲೆ ಆರು ಅಂಕಿ ಹುಟ್ಟಿಸುವ ವಿಧಾನ ಇದೆ, 2011ರಲ್ಲೇ ಅದರ ಪೂರ್ತಿ ವಿವರ ಎಲ್ಲರಿಗೂ ಸಿಗೋ ಹಾಗೆ ಪ್ರಕಟವಾಯ್ತು. ಒಂದು ಗುಟ್ಟಿನ ಕೀಲಿ ನಿಮ್ಮ ಹತ್ತಿರ, ಅದೇ ಕೀಲಿ ಅವರ ಹತ್ತಿರ. ಎರಡೂ ಕಡೆ ಗಡಿಯಾರ ಸರಿಯಿದ್ದರೆ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಎರಡೂ ಕಡೆ ಒಂದೇ ಸಂಖ್ಯೆ ಹುಟ್ಟುತ್ತೆ. ಇದಕ್ಕೆ ಸಿಮ್ ಬೇಡ, ನೆಟ್‌ವರ್ಕ್ ಬೇಡ, ಫೋನೂ ಬೇಡ. ಕಂಪ್ಯೂಟರಿನಲ್ಲೇ ನಡೆಯುತ್ತೆ. ಯುಎಸ್‌ಬಿಗೆ ಚುಚ್ಚುವ ಭದ್ರತಾ ಕೀಲಿ ಇದಕ್ಕಿಂತ ಗಟ್ಟಿ, ಯಾಕಂದರೆ ನಕಲಿ ವೆಬ್‌ಸೈಟಿಗೆ ಅದು ಉತ್ತರವನ್ನೇ ಕೊಡಲ್ಲ.

ಎಸ್ಎಂಎಸ್ ಒಟಿಪಿ ಇವೆಲ್ಲಕ್ಕಿಂತ ಬಡಕಲು. ಯಾರೋ ನಿಮ್ಮ ಹೆಸರಿನಲ್ಲಿ ಡುಪ್ಲಿಕೇಟ್ ಸಿಮ್ ತೆಗೆದರೆ ಒಟಿಪಿ ಅವರಿಗೆ ಹೋಗುತ್ತೆ. ಅಮೆರಿಕದ ಮಾನದಂಡ ಸಂಸ್ಥೆ ಎನ್ಐಎಸ್‌ಟಿ 2017ರ ಮಾರ್ಗಸೂಚಿಯಲ್ಲೇ ಎಸ್ಎಂಎಸ್ ವಿಧಾನವನ್ನ 'ನಿರ್ಬಂಧಿತ' ಪಟ್ಟಿಗೆ ಹಾಕಿದೆ, ಅದನ್ನ ಬಳಸುವವರು ಬೇರೆ ದಾರಿಯನ್ನೂ ಕೊಡಬೇಕು ಅಂದಿದೆ. ಆದರೂ ಎಲ್ಲರೂ ಅದನ್ನೇ ಹಿಡಿದಿರೋದು ಯಾಕಂದರೆ ಎಲ್ಲರ ಹತ್ತಿರ ನಂಬರ್ ಇದೆ ಅಂತ ಅವರು ಎಣಿಸಿದ್ದಾರೆ.

ಹಾಗಾಗಿ ಇಮೇಲ್ ಮತ್ತೆ ಉಳಿದ ಖಾತೆಗಳಲ್ಲಿ ಎಲ್ಲೆಲ್ಲಿ ಬೇರೆ ವಿಧಾನ ಇದೆಯೋ ಅಲ್ಲೆಲ್ಲ ಬದಲಾಯಿಸಿ. ಆ ವಿಧಾನ ಕೈಕೊಟ್ಟಾಗ ಬಳಸೋಕೆ ಕೊಡುವ ಬ್ಯಾಕಪ್ ಕೋಡುಗಳನ್ನ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಬ್ಯಾಂಕಿಗೆ ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೇಳಿ.

ನಿಧಾನ

ಬರೆದು ಕೇಳಿದ್ದೆ. ಬೇರೆ ವ್ಯವಸ್ಥೆ ಇಲ್ಲ ಅಂತ ಉತ್ತರ ಬಂತು. ಇಮೇಲಿಗೆ ನೀವು ಹೇಳಿದ ಹಾಗೆ ಈ ಭಾನುವಾರ ಮಾಡ್ತೀನಿ.

ತಂತಿಮನೆ ಅವರೇ, ನೋಡಿದೆ, ವೋಲ್ಟಿ ಇದೆ. ಬ್ಯಾಟರಿ ಕೋಣೆಯ ವಿಷಯ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಕತ್ತಲಲ್ಲೂ ಡಯಲ್ ಟೋನ್ ಕೇಳಿದ್ದೀನಿ, ಅದರ ಹಿಂದೆ ಯಾರೋ ಎದ್ದು ಕೂತಿರ್ತಾರೆ ಅಂತ ಯೋಚಿಸಿರಲಿಲ್ಲ.

ಗೂಡುದೀಪ

ಎಲ್ಲರೂ ಸಮಾಧಾನ ಹೇಳ್ತಿದ್ದೀರಿ. ನಾನು ಹೇಳಲ್ಲ. ನಿಧಾನ ಅವರೇ, ನಿಮ್ಮ ಮೇಲೆ ಸಿಟ್ಟಿಲ್ಲ, ಆದರೆ ನಿಮ್ಮ ತಂಗಿಯ ಜಾಗದಲ್ಲಿ ನಿಂತು ಬರೀತಿದ್ದೀನಿ.

ನಮ್ಮ ಮನೆಯವರು ನಾಲ್ಕು ವರ್ಷದ ಹಿಂದೆ ಮೊಬೈಲ್ ಬಿಟ್ಟರು. ಮನಸ್ಸಿಗೆ ನೆಮ್ಮದಿ ಬೇಕು ಅಂದರು, ನಾನೂ ಒಪ್ಪಿದೆ. ಅವರಿಗೆ ನೆಮ್ಮದಿ ಸಿಕ್ಕಿತು. ಮಕ್ಕಳ ಸ್ಕೂಲಿನ ಮೆಸೇಜು, ಗ್ಯಾಸಿನವರ ಫೋನು, ಅವರ ಅಕ್ಕನ ಫೋನು, ಅವರ ಆಫೀಸಿನವರ ಫೋನು, ಎಲ್ಲಾ ನನಗೆ. 'ಸ್ವಲ್ಪ ಅವರಿಗೆ ಕೊಡ್ತೀರಾ ಮೇಡಂ' ಅಂತ ಅವರ ಮ್ಯಾನೇಜರ್ ನನ್ನ ಕೆಲಸದ ಹೊತ್ತಿನಲ್ಲಿ ಕೇಳ್ತಾರೆ. ಅವರು ಹೊರಗೆ ಹೋಗಿ ಎರಡು ಗಂಟೆ ತಡವಾದರೆ ಬಾಗಿಲಲ್ಲಿ ನಿಂತಿರೋಳು ನಾನು. ಅವರು ಬಂದು 'ಏನಾಯ್ತೀಗ, ಬಂದೆನಲ್ಲ' ಅಂತಾರೆ.

ನೀವು ಕಾಯೋದನ್ನ ಪ್ರೀತಿಸಿದೆ ಅಂತ ಬರೆದಿದ್ದೀರಿ. ಆ ಹೊತ್ತಿನಲ್ಲಿ ಇನ್ನೊಂದು ತುದಿಯಲ್ಲಿ ಕಾಯ್ತಾ ಇದ್ದವರ ಮನಸ್ಸು ಎಲ್ಲಿಗೂ ಹೊರಡ್ತಿರಲಿಲ್ಲ. ಅದು ನಿಮ್ಮ ಹತ್ತಿರವೇ ಇತ್ತು. ನಾನೂ ಬಿಡಬಲ್ಲೆನಾ ಅಂತ ಒಂದು ಸಲ ಲೆಕ್ಕ ಹಾಕಿದೆ. ನಾನು ಬಿಟ್ಟರೆ ಈ ಫೋನುಗಳೆಲ್ಲ ಯಾರಿಗೆ ಹೋಗುತ್ತೆ? ಹೋಗೋಕೆ ಜಾಗವೇ ಇಲ್ಲ. ಬಿಡುವ ಭಾಗ್ಯ ಮನೆಯಲ್ಲಿ ಒಬ್ಬರಿಗೆ ಮಾತ್ರ ಇರೋದು.

ರಾತ್ರಿಪಾಳಿ

ಇದನ್ನ ಓದಿ ನನ್ನ ಹೆಂಡತಿಗೆ ತೋರಿಸಿದೆ. ಅವಳು ಏನೂ ಹೇಳಲಿಲ್ಲ, ಎರಡು ಸಲ ಓದಿದಳು.

ನಿಧಾನ

ಗೂಡುದೀಪ ಅವರೇ, ಎರಡು ದಿನ ಉತ್ತರ ಬರೀಲಿಲ್ಲ, ಬರೆಯೋಕಾಗಲಿಲ್ಲ. ನಿಮ್ಮ ಮಾತಿನ ಮೇಲೆ ತಂಗಿಯನ್ನ ಕೂರಿಸಿಕೊಂಡು ಕೇಳಿದೆ, ಆರು ವರ್ಷದಲ್ಲಿ ನನ್ನ ಪರವಾಗಿ ಏನೇನು ಬಂತು ಅಂತ. ಅವಳು ಹೇಳ್ತಾ ಹೋದಳು. ಬ್ಯಾಂಕಿನ ಒಟಿಪಿ, ಅದನ್ನ ಅವಳು ಮೀಟಿಂಗಿನಿಂದ ಎದ್ದು ಬಂದು ಲ್ಯಾಂಡ್‌ಲೈನಿಗೆ ಓದಿ ಹೇಳ್ತಿದ್ದಳು. ಕೊರಿಯರ್ ಹುಡುಗರು. ನನ್ನ ಗೆಳೆಯರು 'ಅವನೆಲ್ಲಿ' ಅಂತ ಕೇಳೋದು. ಒಂದು ಮಳೆಯ ರಾತ್ರಿ ನಾನು ಬಸ್ ಕೆಟ್ಟು ಮೂರು ಗಂಟೆ ತಡವಾಗಿ ಬಂದಿದ್ದೆ, ನನಗೆ ಆ ರಾತ್ರಿ ಚೆನ್ನಾಗಿ ನೆನಪಿದೆ, ಬಸ್ಸಿನಲ್ಲಿದ್ದ ಒಬ್ಬ ಹಿರಿಯರ ಜೊತೆ ಅಷ್ಟು ಹೊತ್ತು ಮಾತಾಡಿದ್ದೆ. ಅದೇ ರಾತ್ರಿ ಅವಳು ಎರಡು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದ್ದಳಂತೆ. ನನಗೆ ಇವತ್ತಿನವರೆಗೆ ಹೇಳಿರಲಿಲ್ಲ.

ಆ ಆರು ವರ್ಷ ಸುಳ್ಳು ಅಂತ ನಾನು ಅನ್ನಲ್ಲ. ನನಗೆ ಸಿಕ್ಕಿದ್ದು ನಿಜವಾಗಿ ಸಿಕ್ಕಿತು. ಅದರ ಖರ್ಚನ್ನ ಕೊಟ್ಟವಳು ಅವಳು, ಮತ್ತೆ ನಾನು ಕೇಳಿರಲೇ ಇಲ್ಲ.

ಬಿಳಿಕೋಲು

ನನಗೆ ಕಣ್ಣು ಕಾಣುವುದಿಲ್ಲ. ಈ ಚರ್ಚೆಯನ್ನು ಫೋನೇ ನನಗೆ ಓದಿ ಹೇಳುತ್ತಿದೆ, ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. 2009ರಲ್ಲಿ ಐಫೋನಿಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ವಾಯ್ಸ್‌ಓವರ್ ಬಂದ ಮೇಲೆ ಬಟನ್ನೇ ಇಲ್ಲದ ನುಣುಪಾದ ಗಾಜು ನಮ್ಮಂಥವರಿಗೆ ಬಳಸಲು ಬಂತು. ಅದಕ್ಕೂ ಮೊದಲು ನನಗೆ ಬಂದ ಪತ್ರವನ್ನು ಓದಿಸಲು ಯಾರನ್ನಾದರೂ ಕರೆಯಬೇಕಿತ್ತು, ಅಂದರೆ ನನ್ನ ಪತ್ರ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಈಗ ಕ್ಯಾಮೆರಾ ಹಿಡಿದರೆ ಫೋನ್ ಓದುತ್ತದೆ.

ಆದ್ದರಿಂದ 'ಎಲ್ಲರೂ ಬಟನ್ ಫೋನಿಗೆ ಹೋಗಿ' ಎನ್ನುವ ಮಾತು ಈ ಚರ್ಚೆಯಲ್ಲಿ ಬರುವ ಮೊದಲೇ ಹೇಳುತ್ತಿದ್ದೇನೆ: ಬಟನ್ ಫೋನುಗಳಲ್ಲಿ ಹೆಚ್ಚಿನವು ನನಗೆ ಮೂಕ. ಆದರೆ ನಿಧಾನ ಅವರ ದುಃಖ ನನಗೆ ಅರ್ಥವಾಗುತ್ತದೆ. ಯಾವುದೋ ಅಪ್ಲಿಕೇಶನ್ ಅಪ್‌ಡೇಟ್ ಆಗಿ ಬಟನ್ನುಗಳಿಗೆ ಹೆಸರಿಡಲು ಮರೆತಿರುತ್ತಾರೆ, ಮುಟ್ಟಿದಲ್ಲೆಲ್ಲ 'ಬಟನ್, ಬಟನ್' ಎಂದು ಮಾತ್ರ ಕೇಳಿಸುತ್ತದೆ. ಆ ದಿನ ನನ್ನ ದುಡ್ಡು ನನಗೆ ಸಿಗುವುದಿಲ್ಲ. ಕೌಂಟರಿಗೆ ಹೋದರೆ ಆ್ಯಪ್‌ನಲ್ಲಿ ಮಾಡಿ ಎನ್ನುತ್ತಾರೆ. ಇರುವುದು ಒಂದೇ ಬಾಗಿಲು ಎಂದಾದರೆ ಫೋನ್ ಬೇಡ ಎಂದವರೂ ಹೊರಗೆ ಉಳಿಯುತ್ತಾರೆ, ಬೇಕು ಎಂದವರೂ ಉಳಿಯುತ್ತಾರೆ.

ಎರಡನೇ ಬೀಗ

ಬಿಳಿಕೋಲು ಅವರ ಮಾತನ್ನ ನಮ್ಮ ತಂಡಕ್ಕೆ ಓದಿ ಹೇಳ್ತೀನಿ. ಹೆಸರಿಲ್ಲದ ಬಟನ್ನು ನಮ್ಮಲ್ಲೂ ಇರುತ್ತೆ, ಕಾಣುವವರು ಪರೀಕ್ಷೆ ಮಾಡಿದರೆ ಅದು ಸಿಕ್ಕಲ್ಲ.

ಇಟ್ಟುಕೊಳ್ಳೋದು ಹೇಗೆ ಅಂತ ನಿಧಾನ ಕೇಳಿದ್ದರಲ್ಲ. 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತೆ ಅವರ ಜೊತೆಗಾರರ ಒಂದು ಅಧ್ಯಯನ ಬಂತು. ಫೋನ್ ಮೇಜಿನ ಮೇಲೆ ಇಟ್ಟವರು, ಜೇಬು ಅಥವಾ ಚೀಲದಲ್ಲಿ ಇಟ್ಟವರು, ಬೇರೆ ಕೋಣೆಯಲ್ಲಿ ಇಟ್ಟವರು. ಗಮನ ಬೇಡುವ ಪರೀಕ್ಷೆಯಲ್ಲಿ ಬೇರೆ ಕೋಣೆಯವರು ಮುಂದಿದ್ದರು, ಸದ್ದು ನಿಲ್ಲಿಸಿದ್ದರೂ. ಆಮೇಲೆ ಅದನ್ನ ಮತ್ತೆ ಮಾಡಿ ನೋಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲ, ಹಾಗಾಗಿ ಅದನ್ನ ಸಿದ್ಧಾಂತ ಅಂತ ತಗೋಬೇಡಿ. ನನಗಂತೂ ಬೇರೆ ಕೋಣೆಯಲ್ಲಿ ಇಡೋದು ಕೆಲಸ ಮಾಡಿದೆ. ಲ್ಯಾಂಡ್‌ಲೈನ್ ಇದ್ದ ಜಾಗದಲ್ಲೇ ಮೊಬೈಲ್ ಇಡಿ, ರಿಂಗ್ ಜೋರಾಗಿಡಿ. ಮಾತಾಡಬೇಕಾದರೆ ಎದ್ದು ಅಲ್ಲಿಗೇ ಹೋಗಿ.

ನಿಧಾನ

ಹಾಗೇ ಮಾಡ್ತಿದ್ದೀನಿ. ಹಳೇ ಲ್ಯಾಂಡ್‌ಲೈನಿನ ಗೂಡು ಖಾಲಿ ಇತ್ತು, ಚಾರ್ಜರ್ ಸಮೇತ ಅದರಲ್ಲೇ ಇಟ್ಟಿದ್ದೀನಿ. ಹೊರಗೆ ಹೋಗುವಾಗ ಜೇಬಿಗೆ, ಬಂದ ಕೂಡಲೇ ಗೂಡಿಗೆ. ರಾತ್ರಿ ಆಫ್ ಮಾಡಬೇಕು ಅಂತ ಮೊದಲು ಅಂದುಕೊಂಡಿದ್ದೆ. ಈಗ ಮಾಡಲ್ಲ.

ನಿನ್ನೆ ಅಮ್ಮನನ್ನ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿ ಫಾರಂ ತೆಗೆಸಿ ತಂಗಿಯ ನಂಬರ್ ಹೊಡೆದುಹಾಕಿ ನನ್ನದು ಬರೆದೆ. ನಂಬರ್ ಇನ್ನೂ ಬಾಯಿಗೆ ಬಂದಿಲ್ಲ, ಪುಸ್ತಕ ನೋಡಿ ಬರೆದೆ. ತಂಗಿಯ ಮಕ್ಕಳ ಸ್ಕೂಲಿನಲ್ಲೂ ಎರಡನೇ ನಂಬರ್ ಅಂತ ನನ್ನದು ಕೊಡು ಅಂದಿದ್ದೀನಿ. ಅವಳು ಮೊದಲು ನಂಬಲಿಲ್ಲ.

ಗೂಡುದೀಪ

ಸಂತೋಷ ಆಯ್ತು. ನಮ್ಮ ಮನೆಯವರಿಗೆ ಈ ಚರ್ಚೆ ಪೂರ್ತಿ ಪ್ರಿಂಟ್ ತೆಗೆದು ಕೊಟ್ಟಿದ್ದೀನಿ. ಓದ್ತಾ ಇದ್ದಾರೆ.

ಒಂದು ಕೇಳಬೇಕಿತ್ತು, ನಿಮ್ಮ ಬಟನ್ ಫೋನಿನಲ್ಲಿ ಕನ್ನಡ ಮೆಸೇಜ್ ಬರುತ್ತಾ? ಅಥವಾ ಬರೀ ಚೌಕಗಳಾ?

ನಿಧಾನ

ಕಾಣಿಸುತ್ತೆ. ಒತ್ತಕ್ಷರ ಒಂದೊಂದು ಕಡೆ ಒಡೆದುಹೋಗುತ್ತೆ, ಓದಬಹುದು. ಬರೆಯೋದು ನಿಧಾನ.

ತಂತಿಮನೆ

ಉದ್ದ ಬರೆಯಬೇಡಿ. ಎಸ್ಎಂಎಸ್ ಒಂದಕ್ಕೆ ಇರುವ ಜಾಗ 140 ಬೈಟ್. ಇಂಗ್ಲಿಷಿನಲ್ಲಿ ಅದರೊಳಗೆ 160 ಅಕ್ಷರ ಹಿಡಿಸುತ್ತದೆ, ಕನ್ನಡವನ್ನು ಸಾಮಾನ್ಯವಾಗಿ ಯೂನಿಕೋಡಿನಲ್ಲಿ ಕಳಿಸುವುದರಿಂದ 70 ಮಾತ್ರ. ಒತ್ತು, ಗುಣಿತ, ಎಲ್ಲವೂ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಎಂದು ಬರೆದರೆ ನಿಮಗೆ ಒಂದಕ್ಷರ, ಅದಕ್ಕೆ ಆರು. 70 ದಾಟಿದರೆ ಎರಡು ಮೆಸೇಜಿನ ದುಡ್ಡು ಹೋಗಬಹುದು.

ನಿಧಾನ

ಗೊತ್ತಿರಲಿಲ್ಲ, ಉಪಕಾರವಾಯ್ತು. ನಾನು ಕಳಿಸಿರೋದು ಈವರೆಗೆ ಒಂದೇ ಮೆಸೇಜು, ತಂಗಿಗೆ, ನಿನ್ನೆ ಫಿಸಿಯೋಥೆರಪಿ ಕೋಣೆಯ ಹೊರಗೆ ಕೂತಿದ್ದಾಗ: 'ಅಮ್ಮ ಹತ್ತು ಹೆಜ್ಜೆ ನಡೆದರು.'